ಧೂಳಿನಾಚೆಯ ಬೆಳಕು



ನಕ್ಷತ್ರಗಳ ನಡುವಿನ ಅವಕಾಶ ಬರಿದಾಗಿಲ್ಲ, ಅಲ್ಲಿ ಬೆಳಕನ್ನು ಮಂಕಾಗಿಸುವ ಧೂಳಿದೆ ಎಂದು 1930ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ರಾಬರ್ಟ್ ಟ್ರಂಪ್ಲರ್ ತೋರಿಸಿಕೊಟ್ಟರು. ಅದುವರೆಗೆ ಮಂಕಾಗಿ ಕಂಡ ತಾರಾಗುಚ್ಛಗಳನ್ನು ಅವು ಇರುವುದಕ್ಕಿಂತ ಹೆಚ್ಚು ದೂರದವೆಂದು ಎಣಿಸಲಾಗಿತ್ತು. ನಡುವೆ ನಿಂತ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದೇ ಆ ತಪ್ಪಿನ ಮೂಲ. ವಿಶ್ವದ ಮೊದಲ ಗೆಲಾಕ್ಸಿಗಳನ್ನು ಅರಿಯಹೊರಟವರ ಮುಂದೆಯೂ ಇದೇ ತೊಡಕು ಇನ್ನೂ ದೊಡ್ಡದಾಗಿ ನಿಂತಿದೆ.

ಮಹಾಸ್ಫೋಟವಾಗಿ ಸುಮಾರು 3,80,000 ವರ್ಷಗಳಾದಾಗ ವಿಶ್ವ ತಣಿದು, ಪ್ರೋಟಾನುಗಳೂ ಎಲೆಕ್ಟ್ರಾನುಗಳೂ ಕೂಡಿ ತಟಸ್ಥ ಹೈಡ್ರೋಜನ್ ಉಂಟಾಯಿತು. ಬಳಿಕ ಬಂದದ್ದು ನಕ್ಷತ್ರಗಳೇ ಇಲ್ಲದ ದೀರ್ಘ ಕತ್ತಲೆ. ಆದರೆ ವಿಶ್ವಕ್ಕೆ ಸುಮಾರು 100 ಕೋಟಿ ವರ್ಷ ತುಂಬುವಷ್ಟರಲ್ಲಿ ಗೆಲಾಕ್ಸಿಗಳ ನಡುವೆ ಹರಡಿದ್ದ ಆ ಅನಿಲ ಬಹುಮಟ್ಟಿಗೆ ಮತ್ತೆ ಅಯಾನುಗಳಾಗಿ ಒಡೆದಿತ್ತು. ಅದನ್ನು ಒಡೆದ ಬೆಳಕು ಯಾರದು? ಬೆರಳೆಣಿಕೆಯ ಭಾರಿ ಗೆಲಾಕ್ಸಿಗಳದೋ, ಅಸಂಖ್ಯ ಕುಬ್ಜ ಗೆಲಾಕ್ಸಿಗಳದೋ?

ಉತ್ತರ ಸುಲಭವಲ್ಲ. 91.2 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕು ಹೈಡ್ರೋಜನ್ ಪರಮಾಣುವನ್ನು ಒಡೆಯುತ್ತದೆ. ಒಡೆಯುವಾಗ ತಾನೂ ಇಲ್ಲವಾಗುತ್ತದೆ. 121.6 ನ್ಯಾನೋಮೀಟರಿನ ಲೈಮನ್-ಆಲ್ಫಾ ಬೆಳಕಿನ ಪಾಡು ಬೇರೆ. ಒಂದು ಪರಮಾಣು ಅದನ್ನು ಹೀರಿ ಬೇರೊಂದು ದಿಕ್ಕಿಗೆ ಬಿಡುತ್ತದೆ, ಇನ್ನೊಂದು ಮತ್ತೆ ಹೀರುತ್ತದೆ. ಹೀಗೆ ಅಲೆದಷ್ಟೂ ದಾರಿ ಉದ್ದವಾಗುತ್ತದೆ, ದಾರಿ ಉದ್ದವಾದಷ್ಟೂ ಧೂಳಿಗೆ ಸಿಕ್ಕಿಬೀಳುವ ಸಂಭವ ಹೆಚ್ಚುತ್ತದೆ.

ಈ ಧೂಳು ಹೊಗೆಯ ಕಣಗಳಷ್ಟು ನುಣುಪಾದ ಇಂಗಾಲ ಮತ್ತು ಸಿಲಿಕೇಟುಗಳ ಪುಡಿ. ಸಾಯುವ ನಕ್ಷತ್ರಗಳ ಕೊಡುಗೆ. ಅದು ಅತಿನೇರಳೆ ಬೆಳಕನ್ನು ಹೀರಿ, ಬೆಚ್ಚಗಾಗಿ, ಅದೇ ಶಕ್ತಿಯನ್ನು ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. ಹಾಗಾಗಿ ಬೆಳಕು ಅಲ್ಲಿ ಅಳಿಯುವುದಿಲ್ಲ, ರೂಪ ಬದಲಿಸುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿರುವ ಆಲ್ಮಾ ದೂರದರ್ಶಕ ಸಮೂಹ ಹಿಡಿಯುವುದು ಹೀಗೆ ರೂಪ ಬದಲಿಸಿ ಬಂದ ಬೆಳಕನ್ನೇ. ಒಂದೇ ಬಣ್ಣವನ್ನು ನೋಡಿ ಗೆಲಾಕ್ಸಿಯೊಂದನ್ನು ಅಳೆದವರು ಅದರಲ್ಲಿ ಹುಟ್ಟುತ್ತಿರುವ ನಕ್ಷತ್ರಗಳನ್ನು ಕಡಿಮೆ ಎಣಿಸುವುದು ಖಚಿತ.

ಆದರೂ ಒಂದಿಷ್ಟು ಬೆಳಕು ಪಾರಾಗುತ್ತದೆ. ಭಾರಿ ನಕ್ಷತ್ರಗಳು ಸಿಡಿದಾಗ ಸುತ್ತಲಿನ ಅನಿಲದಲ್ಲಿ ಬಿಲಗಳಾಗುತ್ತವೆ. ಆ ಸಂದುಗಳೇ ಹೊರದಾರಿ. ಹೀಗೆ ಪಾರಾಗುವ ಪಾಲು ಎಷ್ಟು ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಏಬೆಲ್ 2744 ಎಂಬ ಗೆಲಾಕ್ಸಿ ಗುಚ್ಛದ ಹಿಂದಿನ ಅತಿ ಮಂಕಾದ ಕುಬ್ಜ ಗೆಲಾಕ್ಸಿಗಳನ್ನು ಪರಿಶೀಲಿಸಿತು. ಹಿಂದೆ ಊಹಿಸಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಅಯಾನೀಕಾರಕ ಬೆಳಕನ್ನು ಅವು ಸೂಸುತ್ತಿದ್ದವು. ಅದರಲ್ಲಿ ಸರಾಸರಿ ಶೇಕಡಾ 5ರಷ್ಟು ಹೊರಬಂದಿದ್ದರೂ ಕತ್ತಲೆ ಕಳೆಯಲು ಸಾಕಿತ್ತು. ಚರ್ಚೆ ಮುಗಿದಿಲ್ಲ. ಆದರೆ ಲೆಕ್ಕದಿಂದ ಹೊರಗಿದ್ದ ಸಣ್ಣವರನ್ನು ಬಿಟ್ಟು ಇನ್ನು ಆ ಚರಿತ್ರೆಯನ್ನು ಬರೆಯಲಾಗದು.

ಪಾರಾದ ಆ ಬೆಳಕನ್ನು ಆದಿಕಾಲದ ಗೆಲಾಕ್ಸಿಗಳಿಂದ ನೇರವಾಗಿ ಕಾಣಲಾಗದು. ನಡುವಿನ ಹೈಡ್ರೋಜನ್ ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ಹತ್ತಿರದ ಗೆಲಾಕ್ಸಿಗಳೇ ಸಾಕ್ಷಿ ನುಡಿಯಬೇಕು. 2020ರಲ್ಲಿ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ಹೊರಬಂದ ಇಂಥ ಬೆಳಕನ್ನು ಗುರುತಿಸಿತು. ಅದನ್ನು ಹಿಡಿದ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ. ಅದರ ನಿರ್ಮಾಣದಲ್ಲಿ ಕೆನಡಾ ಕೂಡ ಪಾಲುದಾರ.

ಇನ್ನೊಂದು ಪ್ರಸಂಗ ಶರಾವತಿಯದು. ಆದಿ ಹೈಡ್ರೋಜನ್‌ನ ರೇಡಿಯೋ ಕುರುಹು ಆಸ್ಟ್ರೇಲಿಯದ ಮರುಭೂಮಿಯಲ್ಲಿ ಸಿಕ್ಕಿತೆಂದು 2018ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಸಾರಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತಮ್ಮ 'ಸರಸ್' ಆಂಟೆನಾವನ್ನು ತೇಲಿಬಿಟ್ಟು ಪರೀಕ್ಷಿಸಿದರು. ಆ ಸಂಕೇತ ಅಲ್ಲಿ ಕಾಣಲಿಲ್ಲ. 2022ರಲ್ಲಿ ಅವರು ಅದನ್ನು ಪ್ರಕಟಿಸಿದರು.

ತಾಯ್ನಾಡಿನ ವಿಜ್ಞಾನದ ಬಗ್ಗೆ ಹೊರನಾಡಿನಲ್ಲಿ ಹೆಮ್ಮೆಪಡುವವರು ನೆನೆಯಬೇಕಾದದ್ದು ಈ ನಡೆಯನ್ನು. ಎಲ್ಲವೂ ಪುರಾತನರಿಗೆ ಗೊತ್ತಿತ್ತೆಂಬ ಘೋಷಣೆಗೆ ಯಾವ ಉಪಕರಣವೂ ಬೇಡ, ಯಾವ ಪರೀಕ್ಷೆಯೂ ಬೇಡ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯೊಂದು ಕೆರೆಯ ಮೇಲೆ ಆಂಟೆನಾ ತೇಲಿಸಿ, ಏನೂ ಕಾಣದಿದ್ದಾಗ ಕಾಣಲಿಲ್ಲವೆಂದೇ ಹೇಳಿತು. ಅಂಥ ಸಂಸ್ಥೆಗಳಿಗೆ ಹಣವೂ ಸ್ವಾತಂತ್ರ್ಯವೂ ಉಳಿಯಬೇಕೆಂದು ಕೇಳುವುದು ವಿಜ್ಞಾನಿಗಳೊಬ್ಬರ ಕೆಲಸವಲ್ಲ.