ಪದವಿ ವಿದ್ಯಾರ್ಥಿಗಳ ಸಂಶೋಧನ ಪ್ರಬಂಧವೂ ಕೃತಕ ಬುದ್ಧಿಮತ್ತೆಯೂ



ಈ ಮಂಗಲ ಸಮಾರಂಭದಲ್ಲಿ ನಾಲ್ಕು ಮಾತು ಹೇಳಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿರುವರು. ಪಾಠಶಾಲೆಯ ಹಳೆಯ ಪದ್ಧತಿಯಲ್ಲಿ ಓದಿದ ನಾನು ಕೃತಕ ಬುದ್ಧಿಮತ್ತೆಯ ವಿಷಯವನ್ನೆತ್ತುವುದು ಕೆಲವರಿಗೆ ಸೋಜಿಗವೆನಿಸಬಹುದು. ಅದರಿಂದ ನಾನೇ ಒಮ್ಮೆ ಎಡವಿದವನಾದುದರಿಂದ ಆ ಸಂಗತಿಯನ್ನು ಮುಚ್ಚಿಡದೆ ನಿವೇದಿಸುತ್ತೇನೆ.

ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನು ಬಸವಣ್ಣನವರ ದಾಸೋಹತತ್ತ್ವವನ್ನು ಕುರಿತ ಪ್ರಬಂಧವೊಂದನ್ನು ನನಗೆ ತೋರಿಸಿದನು. ಶೈಲಿಯು ನಿರ್ದುಷ್ಟವಾಗಿದ್ದಿತು. ಅದರಲ್ಲಿದ್ದ ಕೂಡಲಸಂಗಮದೇವ ಅಂಕಿತದ ಒಂದು ವಚನವು ನನ್ನ ಮನಸ್ಸನ್ನು ಎಷ್ಟು ಸೆಳೆಯಿತೆಂದರೆ, ಅಂದಿನ ಸಾಯಂಕಾಲದ ಪ್ರವಚನದಲ್ಲಿಯೇ ಅದನ್ನು ಹೇಳಿಬಿಟ್ಟೆನು. ಮರುದಿನ ಮುದ್ರಿತ ಸಂಪುಟಗಳನ್ನೆಲ್ಲ ತಿರುವಿಹಾಕಿದರೂ ಆ ವಚನವು ದೊರೆಯಲಿಲ್ಲ. ಕೇಳಲಾಗಿ, “ಚಾಟ್‌ಜಿಪಿಟಿ ಕೊಟ್ಟಿತು, ಗುರುಗಳೇ” ಎಂದು ಹುಡುಗನು ತಲೆ ತಗ್ಗಿಸಿದನು. ಅಂದಿನ ಸಭೆಯಲ್ಲಿ ನಾನು ತಪ್ಪೊಪ್ಪಿಕೊಂಡೆನು. ಹುಡುಗನನ್ನು ದಂಡಿಸಲು ಮನಸ್ಸು ಬರಲಿಲ್ಲ. ಮೂಲವನ್ನು ನೋಡದೆ ನಂಬಿದ ದೋಷವು ಇಬ್ಬರದೂ ಒಂದೇ ಆಗಿದ್ದಿತು.

2022ನೆಯ ಇಸವಿಯ ನವೆಂಬರಿನಲ್ಲಿ ಬಳಕೆಗೆ ಬಂದ ಈ ಸಾಧನಕ್ಕೆ ಸುಳ್ಳಾಡುವ ಉದ್ದೇಶವೇನೂ ಇಲ್ಲ. ಅಪಾರವಾದ ಲೇಖನರಾಶಿಯಿಂದ ಪದಗಳ ನಡೆಯನ್ನು ಕಲಿತು, ಮುಂದೆ ಯಾವ ಪದವು ಬರುವುದು ಸಂಭವವೆಂದೆಣಿಸಿ ಅದು ಜೋಡಿಸುತ್ತದೆ. ಅಂಕಿತವನ್ನಿಡಬಲ್ಲುದು, ವಚನವು ನಿಜವೆಂಬುದಕ್ಕೆ ಹೊಣೆಯಾಗಲಾರದು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಅದು ಕಲ್ಪಿಸಿದ ತೀರ್ಪುಗಳನ್ನು ನ್ಯಾಯಾಲಯಕ್ಕೊಪ್ಪಿಸಿ 5,000 ಡಾಲರುಗಳ ದಂಡಕ್ಕೆ ಗುರಿಯಾದರು. ಹೀಗಿರಲು ಎಳೆಯರನ್ನು ಮಾತ್ರ ದೂರುವುದು ನ್ಯಾಯವೇ?

ಫ. ಗು. ಹಳಕಟ್ಟಿಯವರು ಊರೂರು ಅಲೆದು, ತಾಡವೋಲೆಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. “ಇದು ಎಲ್ಲಿಂದ ಬಂದಿತು?” ಎಂದು ಕೇಳುವ ಆ ಶ್ರಮವನ್ನೇ ನಾವು ವಿದ್ಯಾರ್ಥಿಗಳಿಗೆ ಕಲಿಸಬೇಕಾಗಿದೆ.

ಆದುದರಿಂದ ನಾನೀಗ ಪ್ರಬಂಧಕ್ಕಿಂತ ಮೊದಲು ಟಿಪ್ಪಣಿಯ ಪುಸ್ತಕವನ್ನು ಕೇಳುತ್ತೇನೆ. ಉದ್ಧರಿಸಿದ ಪ್ರತಿಯೊಂದು ವಾಕ್ಯದ ಗ್ರಂಥ, ಪುಟ, ಪಾಠಾಂತರಗಳು ಅದರಲ್ಲಿ ಕೈಬರಹದಲ್ಲಿರತಕ್ಕದ್ದು. ಬಳಿಕ ಗ್ರಂಥವನ್ನು ಮುಂದಿಟ್ಟು ಬಾಯಿಂದ ಅರ್ಥ ಹೇಳಿಸುತ್ತೇನೆ. ಯಂತ್ರದ ನೆರವು ಪಡೆದಿದ್ದರೆ ಎಲ್ಲಿ, ಎಷ್ಟು ಎಂಬುದನ್ನು ಮರೆಮಾಡದೆ ಬರೆಯಬೇಕು. ಅದೇ ಹುಡುಗನು ಮೂರು ವಾರ ಗ್ರಂಥಭಂಡಾರದಲ್ಲಿ ಕುಳಿತು ಪ್ರಬಂಧವನ್ನು ಹೊಸದಾಗಿ ಬರೆದನು. ಅದು ಮೊದಲಿನಷ್ಟು ನಯವಾಗಿರಲಿಲ್ಲ. ಆದರೆ ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಅವನಲ್ಲಿ ಉತ್ತರವಿದ್ದಿತು.

ಪ್ರಸಾದನಿಲಯದ ವಿದ್ಯಾರ್ಥಿಗಳಿಗೆ ಮಠದ ಗ್ರಂಥಭಂಡಾರವು ಸಂಜೆಯ ಹೊತ್ತಿನಲ್ಲಿಯೂ ತೆರೆದಿರುವಂತೆ ಅನುಗ್ರಹಿಸಬೇಕೆಂದು ಶ್ರೀಗಳವರ ಸನ್ನಿಧಿಯಲ್ಲಿ ಬಿನ್ನವಿಸಿ ವಿರಮಿಸುತ್ತೇನೆ.