ಗಿಣಿಮರಿ ಸಿಕ್ಕಿದ ಮೊದಲ ಎರಡು ದಿನ

ತುಮಕೂರಿನಿಂದ ಮಾತಾಡ್ತಿದ್ದೀನಿ. ಇವತ್ತಿನ ಕಂತು ಗಿಣಿ ಬಗ್ಗೆ.

ಹೋದ ತಿಂಗಳು ಕುಣಿಗಲ್ ಕಡೆಯ ಒಬ್ಬ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ರು. ಗಾಳಿಗೆ ಹುಣಸೆ ಮರದ ಕೊಂಬೆ ಮುರಿದು ಬಿದ್ದಿದೆ, ಪೊಟರೆಯಲ್ಲಿದ್ದ ಗಿಣಿಮರಿ ನೆಲಕ್ಕೆ ಬಂದಿದೆ. ಅರ್ಧಂಬರ್ಧ ಪುಕ್ಕ ಮೂಡಿದೆ. ಅವರ ಮಗಳು ಆಗಲೇ ಹೆಸರೂ ಇಟ್ಟಾಗಿದೆ. "ತಮ್ಮಾ, ನಾವೇ ಸಾಕ್ಕೋಬಹುದಾ? ಕೇಸ್ ಗೀಸ್ ಆಗಲ್ಲ ತಾನೆ?" ಅಂತ ಪ್ರಶ್ನೆ.

ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ ಅದೇ ಕೆಲಸ ನಾನೂ ಮಾಡಿದ್ದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಗುಬ್ಬಿ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆ. ಅಶ್ವಿನಿ ಮಳೆಯ ಗಾಳಿಗೆ ತೋಟದಲ್ಲಿ ಸುಳಿ ಒಣಗಿ ಬೋಳಾಗಿ ನಿಂತಿದ್ದ ತೆಂಗಿನ ಮರ ಉರುಳಿತು. ಗಿಣಿ ತಾನೇ ಗೂಡು ಕಟ್ಟಲ್ಲ, ಮರಕುಟಿಗ ಕೊರೆದು ಬಿಟ್ಟ ತೂತು, ಹಳೇ ಮರದ ಪೊಟರೆ, ಇಂಥ ಕಡೆ ಮೊಟ್ಟೆ ಇಡುತ್ತೆ. ಆ ಮರದಲ್ಲಿ ಮೂರು ಮರಿ ಇದ್ದವು, ಉಳಿದಿದ್ದು ಒಂದು. ಅಜ್ಜಿ ಹಾಲನ್ನ ಕಲಸಿ ಕೊಟ್ಟರು. ನಾನು ಚಪ್ಪಲಿ ಡಬ್ಬದಲ್ಲಿಟ್ಟುಕೊಂಡು ಬಸ್ಸಲ್ಲಿ ತುಮಕೂರಿಗೆ ತಂದೆ. ಅದು ಬದುಕಿದ್ದೇ ಪುಣ್ಯ. ಹಕ್ಕಿಗಳಿಗೆ ಹಾಲು ಅರಗಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಮಾವ ರೆಕ್ಕೆ ಕತ್ತರಿಸಿದರು. ಪಂಜರ ಬಂತು. ಗೇಟು ಸದ್ದಾದರೆ ಸಾಕು, ನಮ್ಮಮ್ಮನ ದನಿಯಲ್ಲೇ "ಯಾರು?" ಅನ್ನೋದು. ಮನೆಗೆ ಬಂದವರೆಲ್ಲ ನಗೋರು. ನಮಗೂ ಹೆಮ್ಮೆ.

ಬಿ.ಕಾಂ ಸೇರಿದ ವರ್ಷ ನನ್ನ ಮನಸ್ಸಿಗೆ ಕಸಿವಿಸಿ ಶುರುವಾಯ್ತು. ಸಂಜೆ ಗಿಣಿಗಳ ಗುಂಪು ಕಿರುಚುತ್ತಾ ಹೋದಾಗ ಇದು ಪಂಜರದ ಸರಳು ಹಿಡಿದು ಮೇಲಕ್ಕೆ ಹತ್ತೋದು. ಕತ್ತರಿಸಿದ್ದ ಪುಕ್ಕ ಉದುರಿ ಹೊಸದು ಬಂದಿತ್ತು. ಒಂದು ಭಾನುವಾರ ತಾರಸಿ ಮೇಲೆ ಪಂಜರದ ಬಾಗಿಲು ತೆಗೆದುಬಿಟ್ಟೆ. ಮೊದಲ ದಿನ ಹೊರಗೇ ಬರಲಿಲ್ಲ. ಮಾರನೇ ದಿನ ಎದುರಿನ ಬೇವಿನ ಮರಕ್ಕೆ ಹಾರಿತು. ಐದು ನಿಮಿಷ ಆಗಿಲ್ಲ, ಕಾಗೆಗಳು ಸುತ್ತುವರಿದವು. ಕಾಡಿನ ಗಿಣಿಯಾಗಿದ್ರೆ ಎಚ್ಚರಿಕೆಯ ಕೂಗು ಹಾಕಿ ಗುಂಪಿನ ಜೊತೆ ಹಾರಿಹೋಗ್ತಿತ್ತು. ಇದು ಕೊಂಬೆಗೆ ಅಂಟಿಕೊಂಡು "ಯಾರು? ಯಾರು?" ಅಂತ ಕೂಗಿತು. ಅದಕ್ಕೆ ಗೊತ್ತಿದ್ದಿದ್ದು ಅದೊಂದೇ. ನಾನು ಕಲ್ಲು ಎಸೆದೆ, ಕೂಗಾಡಿದೆ. ಕಾಗೆಗಳು ಅದನ್ನ ಅಮಾನಿಕೆರೆ ದಿಕ್ಕಿಗೆ ಅಟ್ಟಿಕೊಂಡು ಹೋದವು. ಆಮೇಲೆ ನಾವು ಅದನ್ನ ನೋಡಲಿಲ್ಲ.

ಬಹಳ ವರ್ಷ ನಾನು ಅಂದುಕೊಂಡಿದ್ದೆ, ಬಿಟ್ಟಿದ್ದೇ ತಪ್ಪು ಅಂತ. ಈಗ ಹೇಳ್ತೀನಿ, ತಪ್ಪಾಗಿದ್ದು ಆ ಭಾನುವಾರ ಅಲ್ಲ. ಮರ ಬಿದ್ದ ದಿನ, ಚಪ್ಪಲಿ ಡಬ್ಬ ನಮ್ಮ ಮನೆಗೆ ಬಂದಾಗಲೇ ತಪ್ಪಾಗಿತ್ತು. ಕೈತುತ್ತು ತಿಂದು ಒಂಟಿಯಾಗಿ ಬೆಳೆದ ಗಿಣಿಗೆ ಮನುಷ್ಯರೇ ಬಳಗ. ಅದನ್ನ ಸುಮ್ಮನೆ ಹಾರಿಬಿಡೋದು ಅಂದ್ರೆ ಬಿಡುಗಡೆ ಅಲ್ಲ. ಹಾಗಾಗಿ ಉಳಿಸೋ ಅವಕಾಶ ಇರೋದು ಮೊದಲ ಒಂದೆರಡು ದಿನದಲ್ಲಿ.

ಈಗ ಕಾನೂನು. ತುಮಕೂರಲ್ಲಿ ಗಿಣಿ ಅಂದ ತಕ್ಷಣ ಜನಕ್ಕೆ 2022ರ ಜುಲೈ ನೆನಪಾಗುತ್ತೆ. ಕಾಣೆಯಾದ ಗಿಣಿ ಹುಡುಕಿಕೊಟ್ಟವರಿಗೆ 50 ಸಾವಿರ ಅಂತ ಪೋಸ್ಟರ್, ಸಿಕ್ಕಿದ ಮೇಲೆ ಕೊಟ್ಟಿದ್ದು 85 ಸಾವಿರ. "ಅವರು ಸಾಕಬಹುದು, ನಾವು ಸಾಕಬಾರದಾ?" ಅಂತ ಕೇಳೋರಿದ್ದಾರೆ. ಅದು ಆಫ್ರಿಕನ್ ಬೂದು ಗಿಣಿ, ವಿದೇಶಿ ತಳಿ. ಅಂಥವನ್ನ ಸಾಕೋಕೆ 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ತೋಟದ ಹಸಿರು ಗಿಣಿಗೆ ಹಾಗೆ ನೋಂದಣಿ ಮಾಡಿಸಿ ಸಾಕೋ ದಾರಿ ಇಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತೆ. 2022ರ ತಿದ್ದುಪಡಿ ಆದ ಮೇಲೆ ಅದು ಎರಡನೇ ಅನುಸೂಚಿಯಲ್ಲಿದೆ. ಹಿಡಿದಿಟ್ಟರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಂತೆಯಲ್ಲಿ ದುಡ್ಡು ಕೊಟ್ಟು ತಂದೆ ಅಂದ್ರೂ, ಗಿಣಿಶಾಸ್ತ್ರಕ್ಕೆ ಇಟ್ಟುಕೊಂಡಿದ್ದೀನಿ ಅಂದ್ರೂ ಅಷ್ಟೇ.

ಈ ಶಿಕ್ಷೆಗೆ ಹೆದರಿಯೇ ಎಷ್ಟೋ ಜನ ಸಿಕ್ಕಿದ ಮರಿಯನ್ನ ಒಳಗೇ ಬಚ್ಚಿಟ್ಟುಕೊಳ್ತಾರೆ. ಆದ್ರೆ ಅದೇ ಕಾಯ್ದೆಯ 39ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಸರ್ಕಾರದ ಸ್ವತ್ತಾದ ವನ್ಯಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಇರೋ ಅಧಿಕಾರಿಗೋ ತಿಳಿಸಬೇಕು. ಅಂದ್ರೆ ಮರಿಗೂ ಆ ಎರಡು ದಿನ ಮುಖ್ಯ, ನಮಗೂ ಮುಖ್ಯ.

ಆ ಎರಡು ದಿನದಲ್ಲಿ ಏನು ಮಾಡಬೇಕು? ಮರ ನಿಂತಿದ್ದು, ಪೊಟರೆ ಕೈಗೆ ಎಟುಕಿದ್ರೆ ಮರಿಯನ್ನ ಅಲ್ಲಿಗೇ ಸೇರಿಸಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನೋದು ಸುಳ್ಳು. ಪುಕ್ಕ ಪೂರ್ತಿ ಬಂದಿದ್ರೆ ಅದು ಹಾರೋದು ಕಲೀತಿರಬಹುದು. ಬೆಕ್ಕು, ನಾಯಿಗೆ ಸಿಗದ ಹಾಗೆ ಕೊಂಬೆ ಮೇಲೆ ಕೂರಿಸಿ ದೂರದಿಂದ ನೋಡಿ. ಗೂಡೇ ಇಲ್ಲ, ಅಥವಾ ಗಾಯ ಆಗಿದೆ ಅಂದ್ರೆ, ತೂತು ಮಾಡಿದ ರಟ್ಟಿನ ಡಬ್ಬಕ್ಕೆ ಹಳೇ ಬಟ್ಟೆ ಹಾಸಿ ಬೆಚ್ಚಗೆ, ಕತ್ತಲಲ್ಲಿ ಇಡಿ. ಹಾಲು ಬೇಡ. ಬಾಯಿಗೆ ನೀರು ಹುಯ್ಯಬೇಡಿ, ಅದು ಉಸಿರಿನ ದಾರಿಗೆ ಹೋಗಿ ಮರಿ ಸಾಯುತ್ತೆ. ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಬೆಂಗಳೂರಿನ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆಯೂ ಇದೆ. ಇಂಥ ಕಡೆ ಮರಿಯನ್ನ ಬೇರೆ ಗಿಣಿಗಳ ಜೊತೆ ಬೆಳೆಸಿ, ದೊಡ್ಡ ಪಂಜರದಲ್ಲಿ ಹಾರಾಟ ಕಲಿಸಿ ಬಿಡೋಕೆ ಆಗುತ್ತೆ. ನಮ್ಮ ಮನೆಯ ವರಾಂಡದಲ್ಲಿ ಅದು ಆಗಲ್ಲ.

ಈಗಾಗಲೇ ವರ್ಷಗಟ್ಟಲೆ ಸಾಕಿದವರು ಇದನ್ನ ಕೇಳ್ತಿದ್ರೆ, ದಯವಿಟ್ಟು ಇವತ್ತೇ ಪಂಜರ ತೆಗೆದು ಹಾರಿಸಿಬಿಡಬೇಡಿ. ನಾನು ಮಾಡಿದ್ದು ಸಾಕು. ಅರಣ್ಯ ಇಲಾಖೆಗೆ ನೀವಾಗೇ ತಿಳಿಸಿ, ಒಪ್ಪಿಸಿ.

ಕುಣಿಗಲ್ ಅಕ್ಕನಿಗೂ ನನ್ನ ಕಥೆಯನ್ನೇ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಡಬ್ಬ ತಗೊಂಡು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದ್ರು. ಯಾರೂ ಗದರಲಿಲ್ಲ, ಕೇಸೂ ಆಗಲಿಲ್ಲ. ಮಗಳು ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೊನ್ನೆ ಮತ್ತೆ ಮೆಸೇಜ್ ಬಂತು. ಸಂಜೆ ಗಿಣಿಗಳು ದೊಡ್ಡಕೆರೆ ಕಡೆಗೆ ಹೋಗೋವಾಗ ಆ ಮಗು ಅಂಗಳದಲ್ಲಿ ನಿಂತು ಎಣಿಸುತ್ತಂತೆ. "ಇವತ್ತು ಒಂದು ಜಾಸ್ತಿ ಇತ್ತಮ್ಮ" ಅಂತಂತೆ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಗಾಳಿಗೆ ಮರ ಬಿದ್ರೆ, ಪೊಟರೆ ಒಳಗೆ ಒಂದ್ಸಲ ಇಣುಕಿ ನೋಡಿ. ಮುಂದಿನ ವಾರ ಸಿಗೋಣ.