ಕಡಲು ದಾಟುವ ವಿದ್ಯುತ್ ಕಾರು

ವಿದ್ಯುತ್ತಿನಿಂದ ಓಡುವ ಕಾರು ಕಡಲು ದಾಟುವುದು ಕನ್ನಡ ನಾಡಿಗೆ ತೀರ ಹೊಸ ಸಂಗತಿಯೇನಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ 'ರೇವಾ' ಎಂಬ ಪುಟ್ಟ ಕಾರನ್ನು ಕೇಳುಗರಲ್ಲಿ ಅನೇಕರು ಕಂಡಿರಬಹುದು. ಚೇತನ್ ಮೈನಿಯವರ ನೇತೃತ್ವದಲ್ಲಿ ರೂಪುಗೊಂಡ ಆ ಕಾರು 2004ರಿಂದ ಲಂಡನ್ನಿನ ಬೀದಿಗಳಲ್ಲಿ 'ಜಿ-ವಿಜ್' ಎಂಬ ಹೆಸರು ಹೊತ್ತು ಓಡಾಡಿತು. ಅದರ ಆಸನಗಳ ಕೆಳಗೆ ಇದ್ದವು ಸೀಸ ಮತ್ತು ಆಮ್ಲದ ಬ್ಯಾಟರಿಗಳು. ಬಸ್ಸು ಲಾರಿಗಳಲ್ಲಿ ನಾವು ಬಹುಕಾಲದಿಂದ ಕಂಡ ಜಾತಿಯವೇ. ಹಡಗಿನವರೂ ಅವುಗಳ ಸ್ವಭಾವವನ್ನು ಚೆನ್ನಾಗಿ ಬಲ್ಲವರು.

ನಾನು ಈಗ ಹೇಳಹೊರಟಿರುವುದು ಕಾರ್ಖಾನೆಯಿಂದ ಹೊರಟ ಹೊಸ ಸರಕಿನ ಮಾತಲ್ಲ. ಮನೆಯವರೆಲ್ಲ ಬಳಸಿದ ಒಂದು ಕಾರಿನ ಮಾತು. ಹನ್ನೊಂದು ವರ್ಷ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ನಾನು 2024ರಲ್ಲಿ ಉದ್ಯೋಗನಿಮಿತ್ತ ಸಂಸಾರಸಮೇತ ಜರ್ಮನಿಯ ದಕ್ಷಿಣ ಭಾಗಕ್ಕೆ ಹೋಗಬೇಕಾಯಿತು. ಪಾತ್ರೆ, ಪುಸ್ತಕ, ಹಾಸಿಗೆಗಳ ವಿಷಯದಲ್ಲಿ ನಿರ್ಧಾರ ಬೇಗ ಆಯಿತು. ಕಾರಿನ ವಿಷಯದಲ್ಲಿ ಮಾತ್ರ ಒಂದು ತಿಂಗಳು ಚರ್ಚೆ ನಡೆಯಿತು. ಮಾರಿದರೆ ಬರುವ ಹಣ ಕಡಿಮೆ. ಹಿಂದಿನ ವರ್ಷವಷ್ಟೇ ಹೊಸ ವಿದ್ಯುತ್ ಕಾರುಗಳ ಬೆಲೆ ಇಳಿದು, ಹಳೆಯವುಗಳ ಬೆಲೆಯನ್ನೂ ಎಳೆದುಕೊಂಡು ಬಿದ್ದಿತ್ತು. ಬ್ಯಾಟರಿ ಇನ್ನೂ ಗಟ್ಟಿಯಾಗಿತ್ತು. ನನ್ನ ಪತ್ನಿ ನಲವತ್ತು ದಾಟಿದ ಮೇಲೆ ಕಾರು ಓಡಿಸಲು ಕಲಿತದ್ದು ಅದರಲ್ಲಿಯೇ ಎಂಬುದೂ ಲೆಕ್ಕಕ್ಕೆ ಬಾರದೆ ಹೋಗಲಿಲ್ಲ. ಕೊನೆಗೆ ಒಯ್ಯುವುದೆಂದೇ ಆಯಿತು.

ಒಯ್ಯುವುದೆಂದರೆ ಏನು? ಕಾರನ್ನು ಖಂಡಾಂತರ ಸಾಗಿಸಲು ಎರಡು ದಾರಿಗಳುಂಟು. ಒಂದು, ಕಾರು ಸಾಗಿಸಲೆಂದೇ ಕಟ್ಟಿದ ಹಡಗು. ಅದು ನೀರಿನ ಮೇಲೆ ತೇಲುವ ಹತ್ತು ಹನ್ನೆರಡು ಅಂತಸ್ತಿನ ಕಾರು ನಿಲ್ದಾಣವಿದ್ದಂತೆ. ಕಾರನ್ನು ಓಡಿಸಿಕೊಂಡು ಒಳಗೆ ಹೋಗಿ ನಿಲ್ಲಿಸುತ್ತಾರೆ, ಆಚೆ ಬಂದರಿನಲ್ಲಿ ಓಡಿಸಿಕೊಂಡು ಹೊರಗೆ ತರುತ್ತಾರೆ. ಇನ್ನೊಂದು, ಕಂಟೇನರು ಎಂಬ ಉಕ್ಕಿನ ಪೆಟ್ಟಿಗೆ. ಕಾರನ್ನು ಅದರೊಳಗೆ ನಿಲ್ಲಿಸಿ, ಗಾಲಿಗಳಿಗೆ ಮರದ ತಡೆ ಕೊಟ್ಟು, ಪಟ್ಟಿಗಳಿಂದ ಬಿಗಿದು ಬಾಗಿಲು ಮುಚ್ಚುತ್ತಾರೆ. ಪೆಟ್ರೋಲ್ ಕಾರಾದರೆ ಟ್ಯಾಂಕನ್ನು ಬಹುಮಟ್ಟಿಗೆ ಬರಿದು ಮಾಡಿಬಿಟ್ಟರೆ ಆತಂಕ ಕಡಿಮೆಯಾಗುತ್ತದೆ. ವಿದ್ಯುತ್ ಕಾರಿನ ಶಕ್ತಿಯನ್ನು ಹಾಗೆ ಬಸಿದು ತೆಗೆಯಲಾಗದು. ಅದು ಹೊತ್ತಿರುವ ನೂರಾರು ಕಿಲೋ ತೂಕದ ಲಿಥಿಯಂ ಬ್ಯಾಟರಿ ಅದರೊಡನೆಯೇ ಪ್ರಯಾಣ ಮಾಡಬೇಕು.

ಆದುದರಿಂದಲೇ ಕಡಲ ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳು ಇಂಥ ಕಾರನ್ನು ಅಪಾಯಕಾರಿ ಸರಕುಗಳ ಒಂಬತ್ತನೆಯ ವರ್ಗದಲ್ಲಿ ಸೇರಿಸಿವೆ. ನಾನು ಕಾರು ಕಳುಹಿಸಿದ ಕಾಲದಲ್ಲಿ ಬ್ಯಾಟರಿಯಿಂದ ಓಡುವ ವಾಹನಗಳಿಗೆಲ್ಲ 3171 ಎಂಬ ಒಂದೇ ವಿಶ್ವಸಂಸ್ಥೆಯ ಸಂಖ್ಯೆ ಇತ್ತು. ಈಗ ಲಿಥಿಯಂ ಅಯಾನ್ ಬ್ಯಾಟರಿಯ ವಾಹನಗಳಿಗೆ 3556 ಎಂಬ ಪ್ರತ್ಯೇಕ ಸಂಖ್ಯೆ ಬಂದಿದೆ. 2026ರ ಜನವರಿ 1ರಿಂದ ಅದು ಕಡ್ಡಾಯವಾಗಿದೆ. ಸಂಖ್ಯೆ ಬದಲಾದದ್ದು ಗುಮಾಸ್ತರ ಹವ್ಯಾಸದಿಂದಲ್ಲ. ಹಡಗಿನೊಳಗೆ ಯಾವ ಜಾತಿಯ ಬ್ಯಾಟರಿ ಎಲ್ಲಿದೆ ಎಂಬುದು ಬೆಂಕಿ ಬಿದ್ದ ಗಳಿಗೆಯಲ್ಲಿ ನಾವಿಕನಿಗೆ ತಿಳಿದಿರಬೇಕು ಎಂಬುದೇ ಅದರ ಉದ್ದೇಶ.

ಈ ಬೆಂಕಿಯ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯ. ಲಿಥಿಯಂ ಬ್ಯಾಟರಿಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಕೋಶಗಳಿರುತ್ತವೆ. ಪೆಟ್ಟಿನಿಂದಲೋ ತಯಾರಿಕೆಯ ದೋಷದಿಂದಲೋ ಹೊರಗಿನ ಬೆಂಕಿಯಿಂದಲೋ ಒಂದು ಕೋಶ ಮಿತಿಮೀರಿ ಕಾದರೆ, ಅದರೊಳಗಿನ ರಾಸಾಯನಿಕ ಕ್ರಿಯೆಯೇ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಆ ಶಾಖ ಪಕ್ಕದ ಕೋಶಕ್ಕೆ ಹರಡುತ್ತದೆ. ಉರಿಯುವ ಅನಿಲಗಳೂ ವಿಷಾನಿಲಗಳೂ ಹೊರಬೀಳುತ್ತವೆ. ಹಡಗುಗಳಲ್ಲಿ ಇಂಗಾಲದ ಡೈ ಆಕ್ಸೈಡನ್ನು ತುಂಬಿ ಗಾಳಿಯನ್ನು ಹೊರದೂಡಿ ಬೆಂಕಿ ಆರಿಸುವ ಪದ್ಧತಿಯುಂಟು. ಸುತ್ತಲಿನ ಜ್ವಾಲೆ ಅದರಿಂದ ತಗ್ಗಬಹುದು; ಆದರೆ ಕೋಶದೊಳಗಿನ ಕ್ರಿಯೆ ಹೊರಗಿನ ಗಾಳಿಗಾಗಿ ಕಾಯುವುದಿಲ್ಲ. ಅದಕ್ಕೆ ತಂಪು ಬೇಕು, ಅಂದರೆ ಹೇರಳವಾದ ನೀರು ಬೇಕು. ಆರಿತೆಂದುಕೊಂಡ ಬೆಂಕಿ ಗಂಟೆಗಳ ನಂತರ ಮತ್ತೆ ಏಳುವುದೂ ಉಂಟು.

2022ರ ಫೆಬ್ರವರಿಯಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಸುಮಾರು ನಾಲ್ಕು ಸಾವಿರ ಕಾರುಗಳನ್ನು ಹೊತ್ತು ಸಾಗುತ್ತಿದ್ದ 'ಫೆಲಿಸಿಟಿ ಏಸ್' ಎಂಬ ಹಡಗಿಗೆ ಅಝೋರ್ಸ್ ದ್ವೀಪಗಳ ಬಳಿ ಬೆಂಕಿ ಬಿದ್ದು, ಮಾರ್ಚ್ 1ರಂದು ಅದು ಮುಳುಗಿತು. ಅದರ 22 ಮಂದಿ ನಾವಿಕರು ಬದುಕಿದರು. 2023ರ ಜುಲೈಯಲ್ಲಿ 'ಫ್ರೀಮ್ಯಾಂಟಲ್ ಹೈವೇ' ಎಂಬ ಹಡಗು ನೆದರ್‌ಲ್ಯಾಂಡ್ಸ್ ತೀರದಾಚೆ ಹೊತ್ತಿ ಉರಿಯಿತು. ಅದರಲ್ಲಿ 3,783 ಕಾರುಗಳಿದ್ದವು. ಅವುಗಳಲ್ಲಿ 498 ವಿದ್ಯುತ್ ಕಾರುಗಳು. ಮೊದಲು ಹೊರಬಿದ್ದ ಲೆಕ್ಕದಲ್ಲಿ ಈ ಸಂಖ್ಯೆ ಬರೀ 25 ಎಂದಿತ್ತು! ನಾವಿಕರಲ್ಲಿ ಕೆಲವರು ಆ ಎತ್ತರದಿಂದ ಕತ್ತಲೆಯ ಕಡಲಿಗೆ ಧುಮುಕಿದರು. ಒಬ್ಬನು ಪ್ರಾಣ ಬಿಟ್ಟನು. ಆತ ಭಾರತೀಯ.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬೆಂಕಿಯೆಂದೊಡನೆ ವಿದ್ಯುತ್ ಕಾರನ್ನೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ವಾಡಿಕೆಯಾಗಿದೆ. 'ಫೆಲಿಸಿಟಿ ಏಸ್' ಆಳವಾದ ಕಡಲಿನ ತಳ ಸೇರಿದೆ. ಸಾಕ್ಷ್ಯವೂ ಅದರೊಡನೆ ಹೋಯಿತು. 'ಫ್ರೀಮ್ಯಾಂಟಲ್ ಹೈವೇ' ಹಡಗನ್ನು ಬಂದರಿಗೆ ಎಳೆದು ತಂದು ನೋಡಿದಾಗ ಕೆಳಗಿನ ಅಂತಸ್ತುಗಳ ಸುಮಾರು ಸಾವಿರ ಕಾರುಗಳು ಸುಸ್ಥಿತಿಯಲ್ಲಿದ್ದವು. ಅವುಗಳಲ್ಲಿ ವಿದ್ಯುತ್ ಕಾರುಗಳೂ ಇದ್ದವು. ಪೆಟ್ರೋಲ್ ಕಾರುಗಳಿಗಿಂತ ವಿದ್ಯುತ್ ಕಾರುಗಳಿಗೆ ಬೆಂಕಿ ಹೆಚ್ಚಾಗಿ ಬೀಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಬಿದ್ದ ಬೆಂಕಿಯನ್ನು ಆರಿಸುವುದು ಕಷ್ಟ. ನಡುಗಡಲಿನಲ್ಲಿ ಅದು ಇನ್ನೂ ಕಷ್ಟ. 2025ರ ಜೂನ್ ತಿಂಗಳಲ್ಲಿ ಚೀನಾದಿಂದ ಮೆಕ್ಸಿಕೋಗೆ ಹೊರಟಿದ್ದ 'ಮಾರ್ನಿಂಗ್ ಮಿಡಾಸ್' ಅಲಾಸ್ಕದಾಚೆ ಉರಿದು ಮುಳುಗಿದ ಮೇಲೆ ಹಡಗು ಕಂಪನಿಗಳ ಅಳುಕು ಇನ್ನಷ್ಟು ಹೆಚ್ಚಿತು. ಅದೇ ವರ್ಷ ಅಮೆರಿಕದ ಮ್ಯಾಟ್ಸನ್ ಕಂಪನಿ ಹವಾಯಿ ಮುಂತಾದೆಡೆಗೆ ವಿದ್ಯುತ್ ಕಾರುಗಳನ್ನು ಒಯ್ಯುವುದನ್ನೇ ನಿಲ್ಲಿಸಿತು.

ಇನ್ನು ನನ್ನ ಕಾರಿನ ಮಾತು. ಸಾಗಣೆಯ ಏಜೆಂಟರೊಬ್ಬರು ದರ ಹೇಳಿದರು, ದಿನಾಂಕವೂ ಗೊತ್ತಾಯಿತು. ಆಗ ನನ್ನ ಪತ್ನಿ ಕೇಳಿದಳು: "ರೀ, ಹೋದ ವರ್ಷ ಹೆದ್ದಾರಿಯಲ್ಲಿ ಕಾರಿನ ತಳಕ್ಕೆ ಕಬ್ಬಿಣದ ತುಂಡು ಬಡಿಯಿತಲ್ಲ, ಅದನ್ನು ಅವರಿಗೆ ಹೇಳಿದ್ದೀರಾ?" ನಾನು ಮರುದಿನವೇ ಏಜೆಂಟರಿಗೆ ತಿಳಿಸಿದೆ. ಅವರ ಉತ್ತರ ಸರಳವಾಗಿತ್ತು. ಅದನ್ನೆಲ್ಲ ಬರೆಯುವ ಅಗತ್ಯವಿಲ್ಲ. ವಿದ್ಯುತ್ ಕಾರೆಂದು ಬರೆಯುವುದೂ ಬೇಡ. 'ಗೃಹೋಪಯೋಗಿ ಸಾಮಾನು ಮತ್ತು ಬಳಸಿದ ಕಾರು' ಎಂದರೆ ಸಾಕು, ಹಣವೂ ಉಳಿಯುತ್ತದೆ, ಕಾಲವೂ ಉಳಿಯುತ್ತದೆ ಎಂದರು. ಬಾಗಿಲು ಮುಚ್ಚಿದ ಪೆಟ್ಟಿಗೆಯನ್ನು ತೆರೆದು ನೋಡುವವರು ಯಾರು ಎಂಬುದು ಅವರ ಧೈರ್ಯ.

ಹಾಗೆ ಕಳುಹಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಆ 'ಬಹುಶಃ' ಎಂಬುದರ ಮೇಲೆ ಮಲಗಿ ನಿದ್ರೆ ಮಾಡಬೇಕಾದವನು ನಾನಲ್ಲ. ಹಡಗಿನಲ್ಲಿರುವ ಇಪ್ಪತ್ತು ಮಂದಿ. ಲೋಕದ ಹಡಗುಗಳಲ್ಲಿ ದುಡಿಯುವವರಲ್ಲಿ ನಮ್ಮ ದೇಶದವರು ಎಷ್ಟು ಮಂದಿ ಎಂಬುದು ಕರಾವಳಿಯ ಕೇಳುಗರಿಗೆ ನಾನು ಹೇಳಬೇಕಾದುದಿಲ್ಲ. ಪೆಟ್ಟಿಗೆಯ ಕಾಗದದಲ್ಲಿ ಹಾಸಿಗೆ, ಕುರ್ಚಿ ಎಂದಿದ್ದು ಒಳಗೆ ಜಖಂಗೊಂಡ ಬ್ಯಾಟರಿಯಿದ್ದರೆ, ಹೊಗೆ ಕಂಡಾಗ ಅವರು ಏನೆಂದು ತಿಳಿದು ಹೋರಾಡಬೇಕು?

ನಾವು ಏಜೆಂಟರನ್ನು ಬದಲಿಸಿದೆವು. ಕಾರನ್ನು ಕಾರ್ಯಾಗಾರಕ್ಕೆ ಒಯ್ದು ಮೇಲೆತ್ತಿಸಿ ತಳವನ್ನು ಪರೀಕ್ಷಿಸಿದಾಗ, ಹೊರಗಿನ ರಕ್ಷಣಾ ತಗಡು ಮಾತ್ರ ತಗ್ಗಾಗಿದೆ, ಬ್ಯಾಟರಿಗೆ ಪೆಟ್ಟಿಲ್ಲ ಎಂಬುದು ಖಚಿತವಾಯಿತು. ಹಾಗೆಂದು ಬರೆಸಿಕೊಂಡ ಪತ್ರವನ್ನೂ ಅಪಾಯಕಾರಿ ಸರಕಿನ ಘೋಷಣೆಯನ್ನೂ ಸೇರಿಸಿ ಕೊಟ್ಟೆವು. ಹಣ ಹೆಚ್ಚು ತೆತ್ತೆವು. ಮೂರು ವಾರ ಹೆಚ್ಚು ಕಾದೆವು. ಪೆಟ್ಟು ಬ್ಯಾಟರಿಗೇ ತಾಗಿದ್ದಿದ್ದರೆ ಕಾರನ್ನು ಕಳುಹಿಸುವ ಯೋಚನೆಯನ್ನೇ ಬಿಡಬೇಕಾಗುತ್ತಿತ್ತು.

ಚಾರ್ಜ್ ಎಷ್ಟಿರಬೇಕು ಎಂಬುದು ಮುಂದಿನ ಪ್ರಶ್ನೆ. ಪೂರ್ತಿ ತುಂಬಿದ ಬ್ಯಾಟರಿ ಕೆಟ್ಟರೆ ಉಗ್ರವಾಗಿ ಕೆಡುತ್ತದೆ. ಪೂರ್ತಿ ಬರಿದಾದದ್ದು ಆಚೆ ದಡದಲ್ಲಿ ಅಲುಗುವುದಿಲ್ಲ. ಆದುದರಿಂದ ಹಡಗು ಕಂಪನಿಗಳು ತಮ್ಮ ತಮ್ಮ ಮಿತಿಗಳನ್ನು ಹೇಳುತ್ತವೆ. ಅವು ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗೆ. ನಮ್ಮದು ಶೇಕಡ 40ರಲ್ಲಿ ಹೊರಟಿತು. ಕಾವಲು ಕ್ಯಾಮೆರಾದಂಥ, ಕಾರನ್ನು ಸದಾ ಎಚ್ಚರವಾಗಿಡುವ ಏರ್ಪಾಡುಗಳನ್ನೆಲ್ಲ ನಿಲ್ಲಿಸಬೇಕು. ಕಾರು ಹೇಗಿದೆಯೋ ಎಂದು ಮೊಬೈಲಿನಲ್ಲಿ ಪದೇ ಪದೇ ನೋಡುವುದೂ ಸಲ್ಲದು. ಮಲಗಿದ ಮೊಮ್ಮಗು ಎದ್ದಿದೆಯೇ ಎಂದು ಹೋಗಿ ನೋಡಿ ಎಬ್ಬಿಸಿಬಿಡುವ ಅಜ್ಜಿಯಂತೆ, ನಮ್ಮ ಕಾಳಜಿಯೇ ಅದರ ಚಾರ್ಜನ್ನು ತಿನ್ನುತ್ತದೆ.

ವಿಮೆಯ ವಿಷಯದಲ್ಲಿ ಒಂದು ಹಳೆಯ ನಿಯಮವನ್ನು ತಿಳಿದಿರುವುದು ಒಳ್ಳೆಯದು. ಹಡಗನ್ನು ಉಳಿಸುವ ಸಲುವಾಗಿ ಯಾರದೋ ಸರಕನ್ನು ಬಲಿಗೊಟ್ಟರೆ, ಇಲ್ಲವೇ ವಿಶೇಷ ವೆಚ್ಚವಾದರೆ, ಆ ನಷ್ಟವನ್ನು ಹಡಗಿನ ಒಡೆಯನೂ ಸರಕಿನ ಒಡೆಯರೆಲ್ಲರೂ ಹಂಚಿಕೊಳ್ಳಬೇಕು. ಪ್ರಾಚೀನ ರೋಡ್ಸ್ ದ್ವೀಪದ ಕಡಲ ಕಾನೂನಿನಿಂದ ಇಳಿದುಬಂದ ಈ ತತ್ವ ಇಂದಿಗೂ ಜೀವಂತವಾಗಿದೆ. ನಮ್ಮ ಕಾರಿಗೆ ಒಂದು ಗೀರೂ ಬೀಳದಿದ್ದರೂ ಪರರ ನಷ್ಟದಲ್ಲಿ ಪಾಲು ಕೊಡುವ ತನಕ ಅದು ನಮ್ಮ ಕೈಗೆ ಬಾರದೆ ಹೋಗಬಹುದು. ಈ ಹೊರೆಯನ್ನು ಹೊರುವ ಕಡಲ ವಿಮೆಯನ್ನೇ ಮಾಡಿಸಬೇಕು.

ಓಕ್‌ಲ್ಯಾಂಡ್ ಬಂದರಿನಿಂದ ಹೊರಟು ಪನಾಮಾ ಕಾಲುವೆಯನ್ನು ದಾಟಿ ನಮ್ಮ ಪೆಟ್ಟಿಗೆ ಜರ್ಮನಿಯ ಬ್ರೆಮರ್‌ಹಾಫೆನ್ ಸೇರಲು ಏಳು ವಾರ ಹಿಡಿಯಿತು. ದೊಡ್ಡ ಬ್ಯಾಟರಿ ಕಳೆದುಕೊಂಡದ್ದು ಕೆಲವೇ ಅಂಶ. ಆದರೆ ಬಾಗಿಲು, ದೀಪಗಳನ್ನು ನಡೆಸುವ 12 ವೋಲ್ಟಿನ ಸಣ್ಣ ಬ್ಯಾಟರಿ ಪೂರ್ತಿ ಸೋತಿತ್ತು. ಅದಕ್ಕೆ ಹೊರಗಿನಿಂದ ವಿದ್ಯುತ್ ಕೊಟ್ಟು ಎಬ್ಬಿಸಿದ ಮೇಲೆಯೇ ಕಾರು ಅಲುಗಿತು. ಆನೆಯ ಬಲವಿದ್ದರೂ ಬೀಗದ ಕೈ ಇಲಿಯ ಹತ್ತಿರವಿದ್ದಂತೆ!

ಸುಂಕದವರು ಕಷ್ಟ ಕೊಡಲಿಲ್ಲ. ಹನ್ನೆರಡು ತಿಂಗಳಾದರೂ ಯುರೋಪಿನ ಒಕ್ಕೂಟದ ಹೊರಗೆ ವಾಸವಾಗಿದ್ದು, ಕಾರನ್ನು ಆರು ತಿಂಗಳಾದರೂ ತಾನೇ ಬಳಸಿದವನು ವಾಸ ಬದಲಿಸಿ ಬಂದರೆ, ಆಮದು ಸುಂಕವೂ ಜರ್ಮನಿಯ ಶೇಕಡ 19ರ ತೆರಿಗೆಯೂ ಇಲ್ಲ. ಮುಂದಿನ ಹನ್ನೆರಡು ತಿಂಗಳು ಅದನ್ನು ಮಾರಬಾರದು, ಬಾಡಿಗೆಗೂ ಎರವಲಿಗೂ ಕೊಡಬಾರದು ಎಂಬುದೇ ಷರತ್ತು. ಕಷ್ಟ ಬಂದದ್ದು ತಪಾಸಣೆಯಲ್ಲಿ. ಅಮೆರಿಕದಲ್ಲಿ ಹಿಂದಿನ ತಿರುವು ದೀಪ ಕೆಂಪಾಗಿದ್ದರೂ ನಡೆಯುತ್ತದೆ. ಜರ್ಮನಿಯಲ್ಲಿ ಅದು ಕಿತ್ತಳೆ ಬಣ್ಣದ್ದಾಗಿರಬೇಕು. ಹಿಂದುಗಡೆ ಮಂಜಿನ ದೀಪವೊಂದು ಬೇಕೇ ಬೇಕು. ಇವನ್ನೆಲ್ಲ ಅಳವಡಿಸಿ, ಪರಿಣತನ ಒಪ್ಪಿಗೆ ಪಡೆದು ನೋಂದಣಿ ಮಾಡಿಸುವಷ್ಟರಲ್ಲಿ ಎರಡು ತಿಂಗಳು ಕಳೆದವು.

ಆಮೇಲೆ ಆಹಾರದ ಪ್ರಶ್ನೆ. ಕಾರು ಬಂದ ನಾಡಿನ ಪ್ಲಗ್ಗೇ ಬೇರೆ, ಹೊಕ್ಕ ನಾಡಿನ ಪ್ಲಗ್ಗೇ ಬೇರೆ. ನಡುವೆ ಅಡಾಪ್ಟರ್ ಇಟ್ಟರೆ ಮನೆಯಲ್ಲಿ ಚಾರ್ಜ್ ಆಗುತ್ತದೆ, ಆದರೆ ನಿಧಾನ. ಅಮೆರಿಕದ ಕಾರು ಒಂದೇ ಫೇಸಿನ ವಿದ್ಯುತ್ತನ್ನು ಮಾತ್ರ ತೆಗೆದುಕೊಳ್ಳಬಲ್ಲದು. ಜರ್ಮನಿಯ ಮನೆಗಳಿಗೆ ಮೂರು ಫೇಸು ಬರುತ್ತದಾದರೂ, ಒಂದೇ ಫೇಸಿನಿಂದ 4.6 ಕಿಲೋವ್ಯಾಟಿಗಿಂತ ಹೆಚ್ಚು ಎಳೆಯುವಂತಿಲ್ಲ. ಕ್ಯಾಲಿಫೋರ್ನಿಯಾದ ಮನೆಯಲ್ಲಿ 240 ವೋಲ್ಟು, 48 ಆಂಪಿಯರಿನಲ್ಲಿ 11.5 ಕಿಲೋವ್ಯಾಟ್ ಉಣ್ಣುತ್ತಿದ್ದ ಕಾರು ಇಲ್ಲಿ ಅರ್ಧ ಹೊಟ್ಟೆಯ ವೇಗಕ್ಕೆ ಒಗ್ಗಿಕೊಳ್ಳಬೇಕಾಯಿತು. ಇಡೀ ರಾತ್ರಿಯ ವಿರಾಮ ಇರುವುದರಿಂದ ನಮಗೆ ಅದು ಸಾಕು. ದೂರದ ಊರುಗಳಿಗೆ ಮಾತ್ರ ನಾವು ರೈಲನ್ನೇ ನೆಚ್ಚಿದ್ದೇವೆ.

ಹೊರನಾಡಿನಲ್ಲಿ ಮಕ್ಕಳಿರುವ ಕೇಳುಗರು, ಅಲ್ಲಿನ ಕಾರನ್ನು ಬೆಂಗಳೂರಿಗೋ ಮೈಸೂರಿಗೋ ತರಬಹುದೇ ಎಂದು ಕೇಳಬಹುದು. ಅಮೆರಿಕದಿಂದ, ಜರ್ಮನಿಯಿಂದ ಆಗದು. ಅಲ್ಲಿಯ ಕಾರುಗಳ ಸ್ಟಿಯರಿಂಗ್ ಎಡಕ್ಕೆ, ನಮ್ಮಲ್ಲಿ ಅದು ಬಲಕ್ಕಿರಬೇಕು. ಬ್ರಿಟನ್ನಿನಿಂದಾದರೆ ಆ ತೊಡಕಿಲ್ಲ. ಪ್ಲಗ್ಗೂ ಬಹುಮಟ್ಟಿಗೆ ಹೊಂದುತ್ತದೆ. ಆದರೆ ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಮುಂಬಯಿ ಬಂದರಿನ ಮೂಲಕವೇ ಬರಬೇಕು, ಮತ್ತು ತೆರುವ ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಅಲ್ಲಿ ಮಾರಿ ಇಲ್ಲಿ ಕೊಳ್ಳುವುದೇ ಲೇಸು.

ಒಯ್ಯಲೇಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟು: ಹೋಗುವ ದೇಶದ ತಪಾಸಣೆಯ ನಿಯಮವನ್ನು ಮೊದಲು ಓದಿ, ಸಾಗಣೆಯ ದರವನ್ನು ಅನಂತರ ಕೇಳಿ. ಬ್ಯಾಟರಿಗೆ ಎಂದಾದರೂ ಪೆಟ್ಟು ಬಿದ್ದಿದ್ದರೆ ಪರೀಕ್ಷಿಸದೆ ಕಳುಹಿಸಬೇಡಿ. ಕಾಗದದಲ್ಲಿ ಇರುವುದನ್ನು ಇದ್ದಂತೆ ಬರೆಯಿರಿ. ಆ ಕಾಗದವನ್ನು ಸುಂಕದವನು ಓದದೆ ಇರಬಹುದು. ಆದರೆ ಹೊಗೆ ಕಾಣಿಸಿಕೊಂಡ ರಾತ್ರಿ ಹಡಗಿನ ಅಧಿಕಾರಿಗೆ ನಂಬಲು ಇರುವುದು ಅದೊಂದೇ.